ತೊಳೆದ ಬೇರಿಂಗು

ಹೇಮಶ್ರೀ ಎಂಜಿನ್ನಿನ ಕ್ರ್ಯಾಂಕನ್ನು ಕೈಗೆತ್ತಿಕೊಂಡು ಒಂದು ಸುತ್ತು ತಿರುಗಿಸಿದಳು. ಹೊಸ ಬೇರಿಂಗಿನೊಳಗಿಂದ ಕರಕರ ಸದ್ದು ಬಂತು. ತಾತನ ಹಳೇ ಜಾವಾ ಬೈಕ್ ಬಿಚ್ಚಿ, ಟ್ಯೂಷನ್ ದುಡ್ಡಿನಲ್ಲಿ ಒಂದೊಂದೇ ಭಾಗ ತಂದು, ಎಂಟು ತಿಂಗಳು ಒದ್ದಾಡಿ ಕೂರಿಸಿದ್ದ ಬೇರಿಂಗ್ ಅದು. ಈಗ ಅದರ ತುಂಬ ಪಾತ್ರೆ ತೊಳೆಯುವ ಪುಡಿ.

"ನಾಳೆ ಆಯುಧಪೂಜೆಗೆ ಎಂಗೆ ಫಳಫಳ ಅಂತದೆ ನೋಡು," ಎಂದರು ಅಜ್ಜಿ ಮಹದೇವಮ್ಮ. "ಹುಣಸೆಹಣ್ಣು, ಪುಡಿ ಹಾಕಿ ಉಜ್ಜ್‌ಬುಟ್ಟೆ ಕಣವ್ವ. ನಿಮ್ಮಪ್ಪನೇ ಬಕೆಟ್ ತುಂಬಿಸಿಕೊಟ್ಟ." ಎಲ್ಲ ಭಾಗಗಳ ಮೇಲೂ ಮೂರು ಬೆರಳಿನ ವಿಭೂತಿ ಬೇರೆ. ಎಂಬತ್ತು ದಾಟಿದ ಆ ನಗುಮುಖವನ್ನು ಏನೆಂದು ಬೈಯುವುದು? ಹೇಮಶ್ರೀ ಎಂದಿನಂತೆ ಮಾತು ನುಂಗಿಕೊಂಡಳು. ಆದರೆ ಬಕೆಟ್ ತುಂಬಿಸಿಕೊಟ್ಟವರನ್ನು ಹುಡುಕಿಕೊಂಡು ಹೊರಗೆ ಬಂದಳು.

ವರಾಂಡದಲ್ಲಿ ಅಪ್ಪ ಏಕಾಂತಯ್ಯ ಪೇಪರ್ ಓದುತ್ತಿದ್ದರು. ಹತ್ತು ವರ್ಷ ಬೈಕ್ ಫ್ಯಾಕ್ಟರಿಯಲ್ಲಿ ಬೇರಿಂಗ್ ಕೂರಿಸಿದವರು. ಒಂದು ಚಿಟಿಕೆ ಪುಡಿ ಬಿದ್ದರೂ ಎಂಜಿನ್ ಹಾಳು ಎಂದು ಬೀದಿಗೆಲ್ಲ ಪಾಠ ಹೇಳಿದವರು.

"ನೀವು ನೋಡ್ತಾ ಕೂತಿದ್ರಾ ಅಪ್ಪ?"

"ಎಂ.ಎ. ಮಾಡಿದ ಹುಡುಗಿಗೆ ಯಾಕಮ್ಮ ಈ ಮಸಿ?" ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಹಿಂಗಾದ್ರೂ ಬುಡ್ತೀಯ ಅಂತ ಸುಮ್ಮನಿದ್ದೆ."

ಹೇಮಶ್ರೀ ಪೇಪರನ್ನು ಕಿತ್ತೆಸೆದಳು. ನೀರು ತೊಟ್ಟಿಕ್ಕುತ್ತಿದ್ದ ಕ್ರ್ಯಾಂಕನ್ನು ತಂದು ಅವರ ಬಿಳಿ ಪಂಚೆಯ ಮಡಿಲಲ್ಲೇ ಇಟ್ಟಳು. ಕಾಲ ಬಳಿ ಸೀಮೆಎಣ್ಣೆ ಡಬ್ಬ ಕುಕ್ಕಿ, ಕೈಗೆ ಹಳೇ ಹಲ್ಲುಜ್ಜುವ ಬ್ರಷ್ ತುರುಕಿದಳು.

"ತೊಳೀರಿ," ಎಂದಳು. ಆ ದನಿಗೆ ಎದುರುಮನೆಯವರು ಬಾಗಿಲಿಗೆ ಬಂದರು. "ಪುಡಿ ಪೂರ್ತಿ ಹೋಗೋವರೆಗೂ ಇಲ್ಲಿಂದ ಏಳಕೂಡದು."

ಏಕಾಂತಯ್ಯ ಕನ್ನಡಕ ಸರಿಮಾಡಿಕೊಂಡು ಡಬ್ಬದ ಮುಚ್ಚಳ ತಿರುವಿದರು.