ಮುತ್ಯಾನ ಅಂಗಿಯ ಗುಂಡಿಗಳು

ಕಲಿತದ್ದನ್ನು ಅಳಿಸುವ ಟೋಪಿ ಬಂದ ಮೇಲೆ ಪಾಠಗಳ ಸಂಶೋಧನೆ ಪಾಟಿ ಒರೆಸಿದಷ್ಟು ಸಲೀಸಾಗಿತ್ತು. ಮಗು ಕಲಿತದ್ದನ್ನು ಅಳಿಸಿ, ಅದನ್ನೇ ಬೇರೆ ರೀತಿಯಲ್ಲಿ ಕಲಿಸಿ ನೋಡಬಹುದಿತ್ತು. ಪೋಲಿಯೊ ಹನಿ ಹಾಕಿಸುವಂತೆ ಊರವರು ಮಕ್ಕಳನ್ನು ಅಂಗನವಾಡಿಗೆ ಕರೆತಂದು ಟೋಪಿ ಹಾಕಿಸುತ್ತಿದ್ದರು.

ಆ ದಿನ ಸಂಶೋಧಕಿ ವಿನೋದಿನಿ ಪುಟ್ಟ ಶಿವಲೀಲಾಳ ಎಣಿಕೆ ಅಳಿಸಿ, ಹುಣಸೆ ಬೀಜ ಜೋಡಿಸಿ ಹೊಸದಾಗಿ ಕಲಿಸಿದಳು. ಊಟದ ಹೊತ್ತಿಗೆಲ್ಲ ಹುಡುಗಿ ತಪ್ಪಿಲ್ಲದೆ ಎಣಿಸುತ್ತಿದ್ದಳು. ಇಷ್ಟು ಬೇಗ ಯಾವ ಮಗುವೂ ಕಲಿತಿರಲಿಲ್ಲ.

ಅಂಗನವಾಡಿ ಬಿಡುವ ಹೊತ್ತಿಗೆ ಅವಳ ಅಜ್ಜ, ಫಕೀರಪ್ಪ ಮುತ್ಯಾ, ಬಂದ. ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು, ದಿನದಂತೆ ಎದೆಯೊಡ್ಡಿ, "ಎಣಸವ್ವಾ" ಎಂದ.

ಶಿವಲೀಲಾ ಒಳಗೆ ಓಡಿ ಹುಣಸೆ ಬೀಜ ತಂದು, ಅವನ ಮುಂದೆ ಸಾಲಾಗಿಟ್ಟು ಎಣಿಸಿದಳು.

"ಯಾಕವ್ವಾ, ಇವತ್ತ ನನ್ನ ಅಂಗಿ ಗುಂಡಿ ಬ್ಯಾಡೇನು?"

ಹುಡುಗಿ ಏನೂ ತಿಳಿಯದೆ ಗುಂಡಿಗಳನ್ನೇ ನೋಡಿದಳು.

ವಿನೋದಿನಿಗೆ ಆಗ ಹೊಳೆಯಿತು. ಬೆಳಿಗ್ಗೆ ಶಿವಲೀಲಾ ಎಣಿಸುವಾಗ ಬೆರಳನ್ನು ಗಾಳಿಯಲ್ಲಿ ಮೇಲಿನಿಂದ ಕೆಳಗೆ ಇಳಿಸುತ್ತಿದ್ದುದನ್ನು ಕಂಡಿದ್ದಳು. ಯಾರು ಕಲಿಸಿದರೆಂದು ಕೇಳಬೇಕೆನಿಸಿತ್ತು. ಕೇಳಿದರೆ ಅಳಿಸಲು ಮನಸ್ಸು ಬಾರದೆಂದು ಕೇಳದೆಯೇ ಟೋಪಿ ಹಾಕಿದ್ದಳು.

"ನನ್ನಿಂದ ತಪ್ಪಾತು ಅಜ್ಜಾರ," ಎಂದಳು.

"ಇರ್ಲಿ ಬಿಡ್ರಿ ಅಕ್ಕಾರ, ಚಲೋ ಕಲ್ತಾಳ." ಮುತ್ಯಾ ಒಮ್ಮೆ ಗುಂಡಿಗಳನ್ನು ಸವರಿಕೊಂಡ. "ನನ್ನ ತಲಿಯಾಗಿಂದೂ ಅದನ್ನ ಅಳಸಾಕ ಬರ್ತೈತೇನ್ರಿ?"

ವಿನೋದಿನಿ ಕೈಯಲ್ಲಿದ್ದ ಟೋಪಿಯನ್ನು ನೋಡಿದಳು. ಅದನ್ನು ಮಕ್ಕಳ ತಲೆಯ ಅಳತೆಗಷ್ಟೇ ಹೊಲಿದಿದ್ದರು.