ಟ್ಯಾಂಕಿನ ಹಿಂದಿನ ಚೌಕ

ಆರರಿಂದ ಆರೂವರೆಯೊಳಗೆ ಸೊಸೆಯ ಲೋಟದಲ್ಲಿ ಇಪ್ಪತ್ತಮೂರು ಸೊಳ್ಳೆ, ಅತ್ತೆಯ ಲೋಟದಲ್ಲಿ ಹತ್ತು. ಇಬ್ಬರೂ ಕೂತಿದ್ದು ನೀರಿನ ಟ್ಯಾಂಕಿನ ಹಿಂದಿನ ಒಂದೇ ಮೆಟ್ಟಿಲ ಮೇಲೆ, ನಡುವೆ ಒಬ್ಬರು ಮಲಗುವಷ್ಟು ಜಾಗ ಬಿಟ್ಟು. ಅತ್ತೆ ಲೋಟದ ಬಾಯಿಗೆ ಕಟ್ಟಿದ ಬಲೆಯ ಮೇಲೆ ಟಾರ್ಚ್ ಹಿಡಿದು ಮತ್ತೊಮ್ಮೆ ಎಣಿಸಿದಳು. ಮೂರು ಸಂಜೆಯಿಂದ ಹೀಗೇ ಆಗುತ್ತಿತ್ತು.

ಮಲೇರಿಯಾ ಆಫೀಸಿನಲ್ಲಿ ಇಬ್ಬರದೂ ಒಂದೇ ಕೆಲಸ. ಊರಿನ ನಕ್ಷೆಯ ಯಾವ ಚೌಕದಲ್ಲಿ, ಯಾವ ಹೊತ್ತಿನಲ್ಲಿ ಸೊಳ್ಳೆ ಹೆಚ್ಚು ಎಂದು ತಿಳಿಯಬೇಕಾದರೆ ಯಾರಾದರೂ ಮೊಣಕಾಲವರೆಗೆ ಬಟ್ಟೆ ಎತ್ತಿಕೊಂಡು ಅಲುಗಾಡದೆ ಕೂರಬೇಕು. ಕಾಲಿಗೆ ಬಂದು ಕೂತದ್ದನ್ನು ಕಚ್ಚುವ ಮೊದಲೇ ಕೊಳವೆಯಲ್ಲಿ ಹೀರಿ ಲೋಟಕ್ಕೆ ಊದಬೇಕು. ಹೆಚ್ಚು ಸಿಕ್ಕ ಚೌಕಕ್ಕೆ ಕೆಂಪು ಬಣ್ಣ. ಕೆಂಪಾದ ಕಡೆ ಮೊದಲು ಔಷಧಿ. ಅತ್ತೆ ಹೀಗೆ ಕೂರತೊಡಗಿ ಹತ್ತೊಂಬತ್ತು ವರ್ಷವಾಗಿತ್ತು. ಅವಳಿಗೆ ಈ ಹೊತ್ತು ಇಷ್ಟ. ಬೆಳಕು ಗೋಡೆಯಿಂದ ಇಳಿದು, ಅಂಗಳ ದಾಟಿ, ಕೊನೆಗೆ ಅವಳ ಎರಡು ಕಾಲುಗಳ ಮೇಲಷ್ಟೇ ಉಳಿಯುತ್ತಿತ್ತು. ಎಚ್ಚರವೂ ಅಲ್ಲ, ನಿದ್ದೆಯೂ ಅಲ್ಲ. ಸೊಳ್ಳೆಯ ದನಿ ದೂರದಲ್ಲಿ ಯಾರೋ ತನ್ನನ್ನು ಕರೆದಂತೆ ಕೇಳುತ್ತಿತ್ತು.

"ಜಾಗ ಬದಲಾಯಿಸೋಣ ಬಾ," ಎಂದಳು ಅತ್ತೆ.

ಹೊಸ ಲೋಟ ಹಿಡಿದು, ಜಾಗ ಬದಲಾಯಿಸಿ ಕೂತರು. ಸೊಳ್ಳೆಯ ದನಿ ಅತ್ತೆಯ ಕಿವಿಯ ಪಕ್ಕದಲ್ಲೇ ಹಾದು, ನಿಲ್ಲದೆ, ಮೆಟ್ಟಿಲಿನ ಆ ತುದಿಗೆ ಹೋಯಿತು. ಏಳು ಗಂಟೆಗೆ ನೋಡಿದರೆ ಸೊಸೆಯದು ಇಪ್ಪತ್ತಾರು, ಅತ್ತೆಯದು ಹನ್ನೊಂದು. ಸೊಳ್ಳೆ ಹುಡುಕಿಕೊಂಡು ಬರುತ್ತಿದ್ದುದು ಜಾಗವನ್ನಲ್ಲ. ಇಷ್ಟು ವರ್ಷದಲ್ಲಿ ಅತ್ತೆ ಇಂಥ ಲೋಟ ಎರಡೇ ಸಲ ನೋಡಿದ್ದಳು. ಎರಡು ಸಲವೂ ಅದನ್ನು ಹಿಡಿದಿದ್ದವಳು ಬಸುರಿ.

"ಎಷ್ಟು ತಿಂಗಳು?"

ಸೊಸೆ ಟಾರ್ಚ್ ಆರಿಸಿದಳು. "ಎರಡಾಗ್ತಾ ಬಂತು ಅತ್ತೆ."

"ಮಲೇರಿಯಾ ಮಾತ್ರೆ ನುಂಗ್ತಾ ಇದೀಯಾ?"

"ಇಲ್ಲ. ಮಗುಗೆ ಏನಾದ್ರೂ ಆದ್ರೆ ಅಂತ ನಿಲ್ಸಿದೀನಿ."

"ಮಾತ್ರೆ ಬಿಟ್ಟು ಇಲ್ಲಿ ಕಾಲು ಚಾಚ್ಕೊಂಡು ಕೂತಿದೀಯಾ? ತಲೆ ನೆಟ್ಟಗಿದೆಯೇನೆ ನಿಂಗೆ? ನನ್ ಮಗಂಗಾದ್ರೂ ಹೇಳಿದೀಯಾ?"

"ಯಾರಿಗೂ ಹೇಳಿಲ್ಲ. ಹೋದ ಸಲ ಎಲ್ಲರಿಗೂ ಹೇಳ್ಕೊಂಡು ಒಂದು ವಾರ ಆಗಿರ್ಲಿಲ್ಲ, ಹೋಗ್ಬಿಡ್ತು. ಈ ಸಲ ಗಟ್ಟಿಯಾಗೋ ತನಕ ಬಾಯಿ ಬಿಡಬಾರ್ದು ಅಂದ್ಕೊಂಡೆ. ಕಾಲು ಒಡ್ಡೋದು ಬಿಟ್ರೆ ಯಾಕೆ ಅಂತ ಕೇಳ್ತಾರಲ್ಲ ಅತ್ತೆ."

ಅತ್ತೆ ಲೋಟ ಕೆಳಗಿಟ್ಟು ಅವಳ ಪಕ್ಕಕ್ಕೆ ಸರಿದಳು. ಆಮೇಲೆ ಬಗ್ಗಿ, ಸೊಸೆಯ ಬಟ್ಟೆಯನ್ನು ಪಾದದವರೆಗೆ ಇಳಿಸಿ, ಮಲಗಿದ ಮಗುವಿಗೆ ಹೊದಿಸುವ ಹಾಗೆ ಅಂಚನ್ನು ಹಿಮ್ಮಡಿಯ ಕೆಳಗೆ ಸಿಕ್ಕಿಸಿದಳು.

"ಹಾಗಿದ್ರೆ ನಂಗೂ ಹೇಳಿಲ್ಲ ನೀನು. ನಂಗೇನೂ ಗೊತ್ತಿಲ್ಲ," ಎಂದಳು. "ಬೆಳಿಗ್ಗೆ ಡಾಕ್ಟರ್ ಹತ್ರ ಹೋಗೋಣ. ಇನ್ಮೇಲೆ ಬರ್ಕೊಳ್ಳೋದು ನೀನು, ಕೂರೋದು ನಾನು."

ಆ ಎಣಿಕೆ ಚೌಕದ್ದಲ್ಲ ಎಂದು, ಹಾಳೆಯಲ್ಲಿ ಮೂರು ಸಂಜೆಯ ಲೆಕ್ಕಕ್ಕೂ ಅಡ್ಡಗೆರೆ ಎಳೆದಳು.

ಮಾರನೆಯ ದಿನ ಆಫೀಸಿನಲ್ಲಿ ಸಾಹೇಬರು ಹಾಳೆ ತಿರುವಿ ಹುಬ್ಬೇರಿಸಿದರು. "ಸೊಸೆ ಯಾಕಮ್ಮ ಬರೆಯೋ ಕೆಲಸಕ್ಕೆ?"

"ಅವಳಿಗೆ ಸೊಳ್ಳೆ ಕಂಡ್ರೆ ಭಯ ಸರ್."

"ಎರಡು ವರ್ಷದಿಂದ ಕೂರ್ತಿದಾಳೆ, ಆಗೆಲ್ಲ ಭಯ ಇರ್ಲಿಲ್ಲವಾ?"

"ಈಗ ಶುರುವಾಗಿದೆ."

ಅವರು ನಗಲೋ ಬೇಡವೋ ತಿಳಿಯದೆ ನಕ್ಷೆಯ ಮುಂದೆ ನಿಂತರು. ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ನಡುವೆ ಟ್ಯಾಂಕಿನ ಹಿಂದಿನ ಚೌಕ ಒಂದೇ ಬೆಳ್ಳಗೆ ಉಳಿದಿತ್ತು. "ಇದು ಮಾತ್ರ ಯಾಕೆ ಖಾಲಿ?"

ಸೊಸೆ ಕಿಟಕಿಯ ಕಡೆ ತಿರುಗಿಕೊಂಡಳು.

"ಅದು ತುಂಬೋಕೆ ಇನ್ನೂ ಟೈಮಿದೆ ಸರ್," ಎಂದಳು ಅತ್ತೆ. "ಅವಸರ ಮಾಡೋದು ಬೇಡ."