ಕಲ್ಲಿನ ಹೂವು

ಮಾವನವರು ನೇಪಾಳದ ಮುಕ್ತಿನಾಥದಿಂದ ತಂದಿದ್ದ ಕಲ್ಲಿನ ಹೂವನ್ನು ಅತ್ತೆ ನಲವತ್ತು ವರ್ಷ ಪೂಜಿಸಿದ್ದರು. ಮೀನುಗಾರರ ಮನೆಯಿಂದ ಬಂದ ಸೊಸೆ ಮಾತ್ರ ದೇವರ ಕೋಣೆಯ ಹೊಸ್ತಿಲು ದಾಟುವಂತಿರಲಿಲ್ಲ.

ಭೂವಿಜ್ಞಾನ ಕಲಿಸುವ ಮೈದುನ ಬಂದವನು ಅದನ್ನು ಬೆಳಕಿನಲ್ಲಿ ಸರಿಯಾಗಿ ನೋಡಬೇಕೆಂದ. ಮಂಡಿನೋವಿನ ಅತ್ತೆ ಹೊಸ್ತಿಲ ತನಕ ತಂದು, ಜಗಲಿಗೆ ಒಯ್ದು ಕೊಡೆಂದು ಸೊಸೆಯ ಕೈಗಿತ್ತರು.

“ಇದು ಹೂವಲ್ಲ ಅತ್ತಿಗೆ, ಕಡಲ ಲಿಲ್ಲಿ ಅನ್ನೋ ಪ್ರಾಣಿ, ಕಲ್ಲಾಗಿದೆ. ಈ ಬಗೆಯದರ ಕುಲವೇ ಅಳಿದು ಕೋಟಿಗಟ್ಟಲೆ ವರ್ಷ ಆಯ್ತು,” ಎಂದ ಮೈದುನ.

ಎದೆ ಹಗುರಾಗಿ ಸೊಸೆ ಕಲ್ಲನ್ನು ಹೊಸ್ತಿಲಿಗೆ ಮರಳಿ ತಂದಳು. “ಅತ್ತೆ, ಕಡಲ ಪ್ರಾಣಿಯೇ ಇಷ್ಟು ವರ್ಷ ದೇವರ ಪಕ್ಕ ಇತ್ತಲ್ಲ. ಇನ್ನು ನಾನೂ ಒಳಗೆ ಬರಬಹುದಲ್ವಾ?”

ಅತ್ತೆ ಕಲ್ಲನ್ನು ಸೆರಗಿನಲ್ಲಿ ಹಿಡಿದು ತಿರುಗಿಸಿ ನೋಡಿದರು.

“ಇಷ್ಟು ದಿನ ಹೂವೇ ಆಗಿತ್ತು. ಇವತ್ತು ನೀನು ಮುಟ್ಟಿದೆ, ಪ್ರಾಣಿಯಾಯ್ತು.”